ಟೇಬಲ್ಲಿನ ಗಡಿ ತಕರಾರು

ಕೇಳದೆ ಉಪಕಾರ ಮಾಡಲು ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಅದರಲ್ಲೂ ಹೆಂಡತಿ ಕಸ್ತೂರಿ ಕಸಬರಿಗೆ ಹಿಡಿದು ನಗುನಗುತ್ತ ಕೋಣೆಗೆ ಬಂದು, "ನಿಮ್ಮ ಟೇಬಲ್ಲ ನಾನ ಸ್ವಚ್ಛ ಮಾಡಿಕೊಡ್ತೀನ್ರಿ" ಎಂದರೆ ಅನುಮಾನಪಡದವನು ಚಿಕ್ಕೋಡಿ ಕಡೆಯವನೇ ಅಲ್ಲ. ನಾವು ಗಡಿಯವರು. ಹೊಲದ ಬದು ಸರಿಸಬೇಕೆಂದಿರುವವನು ಮೊದಲು ಮನೆಗೆ ಬಂದು ನಮ್ಮ ಚಹಾ ಹೊಗಳುತ್ತಾನೆ ಎಂಬುದು ನಮಗೆ ಗೊತ್ತು.

ಮರಾಠಿಯಲ್ಲಿರುವ ಹಳೆಯ ಜಮೀನು ಕಾಗದಗಳನ್ನು ಕನ್ನಡಕ್ಕೆ ಮಾಡಿಕೊಡುವುದು ನನ್ನ ಕಸುಬು. ಮನೆಯೇ ಆಫೀಸು, ಕಿಟಕಿ ಪಕ್ಕದ ಟೇಬಲ್ಲೇ ಹೆಡ್ಡಾಫೀಸು. ಅದರ ಮೇಲೆ ಕಚ್ಚುವುದನ್ನು ಮರೆತ ಸ್ಟೇಪ್ಲರುಗಳು, ಶಾಯಿ ಒಣಗಿದ ಸ್ಟ್ಯಾಂಪ್ ಪ್ಯಾಡು, ಟೊಪ್ಪಿಗೆ ಕಳೆದುಕೊಂಡ ಪೆನ್ನುಗಳು, ತುಕ್ಕು ಹಿಡಿದ ಗುಂಡುಪಿನ್ನು. ಇವೆಲ್ಲ ಯಾವಾಗಲಾದರೂ ಬೇಕಾಗುತ್ತವೆ. ಯಾವಾಗ ಎಂದು ಕೇಳುವುದು ಸಭ್ಯರ ಲಕ್ಷಣವಲ್ಲ.

ಕಸ್ತೂರಿಯ ಒಳಸಂಚು ನನಗೆ ತಕ್ಷಣ ಹೊಳೆಯಿತು. ಅವಳದೊಂದು ಹೊಲಿಗೆ ಮಷಿನ್ನು. ಅದನ್ನು ಈ ಕಿಟಕಿಯ ಬೆಳಕಿಗೆ ತಂದಿಟ್ಟು ಜಂಪರು ಹೊಲಿಯಬೇಕೆಂಬುದು ಅವಳ ಹಳೆಯ ಆಸೆ. ಆ ಮಾತು ಎತ್ತಿದಾಗಲೆಲ್ಲ ನಾನು ಅಲ್ಲಿ ಇನ್ನೊಂದು ಫೈಲು ಇಟ್ಟಿದ್ದೇನೆ. ಕೈಯಲ್ಲಿರುವ ಜಾಗದ ಕಬಜಾ ಬಿಟ್ಟವನು ಕೆಟ್ಟ ಎಂಬುದನ್ನು ಜಮೀನಿನ ಕಾಗದಗಳೇ ನನಗೆ ಕಲಿಸಿವೆ.

ಆದರೆ ಅವಳು ಆರಿಸಿಕೊಂಡ ದಿನ ಮಹಾನವಮಿ. ಅಂದು ನಮ್ಮಲ್ಲಿ ಖಂಡೆ ಪೂಜೆ. ಕುಡಗೋಲು, ಕೊಡಲಿಯಿಂದ ಟ್ರ್ಯಾಕ್ಟರಿನವರೆಗೆ ಅನ್ನ ಕೊಡುವ ಹತಾರಗಳೆಲ್ಲ ಮೈತೊಳೆಸಿಕೊಂಡು ಕುಂಕುಮ ಹಚ್ಚಿಸಿಕೊಳ್ಳುತ್ತವೆ. ಕಸ್ತೂರಿ ದೇವರ ಮುಂದೆ ಕಂಬಳಿ ಹಾಸಿ, ನನ್ನ ಸಾಮಾನುಗಳನ್ನು ಒಂದೊಂದಾಗಿ ತರಿಸಿದಳು.

"ಇದು ಕೆಲಸ ಮಾಡತೈತೇನ್ರಿ?"

"ಮೊದಲ ಮಾಡತಿತ್ತು."

"ಸತ್ತ ಹತಾರಕ್ಕ ಕುಂಕುಮ ಹಚ್ಚಬಾರದ್ರಿ. ಬುಟ್ಟಿಗಿ ಹಾಕ್ರಿ."

ಇಂಥ ಶಾಸ್ತ್ರ ಮೊದಲಿನಿಂದ ಇತ್ತೋ, ಆಗಷ್ಟೇ ಹುಟ್ಟಿತೋ, ಯಾರಿಗೆ ಗೊತ್ತು? ದೇವರ ಎದುರು ವಾದ ಮಾಡುವ ಹಾಗೂ ಇಲ್ಲ. ಬುಟ್ಟಿ ತುಂಬಿತು. ಕುಂಕುಮದ ಭಾಗ್ಯ ದೊರೆತದ್ದು ಇನ್ನೂ ಕಚ್ಚುತ್ತಿದ್ದ ಒಂದೇ ಸ್ಟೇಪ್ಲರಿಗೆ, ಸ್ಕೇಲಿಗೆ, ಒಂದೆರಡು ಪೆನ್ನಿಗೆ. ಅವಳ ಕಡೆಯಿಂದ ಈಳಿಗೆ ಬಂತು, ಕತ್ತರಿ ಬಂತು. ಮಷಿನ್ನು ಮಾತ್ರ ಬರಲಿಲ್ಲ. ಎಲ್ಲೋ ಮುಚ್ಚಿಟ್ಟಿದ್ದಾಳೆ, ಟೇಬಲ್ಲು ಖಾಲಿಯಾಗುವುದನ್ನೇ ಕಾಯುತ್ತಿದ್ದಾಳೆ ಎಂದುಕೊಂಡೆ.

ಟೇಬಲ್ಲು ಅರ್ಧಕ್ಕರ್ಧ ಖಾಲಿಯಾಯಿತು. ಸಂಜೆಯಾದರೂ ಮಷಿನ್ನಿನ ಸುಳಿವಿಲ್ಲ. ಬಂದಿದ್ದರೆ ಜಗಳವಾದರೂ ಆಡಬಹುದಿತ್ತು. ತಡೆಯಲಾಗದೆ ನಾನೇ ಕೇಳಿದೆ: "ನಿನ್ನ ಮಷಿನ್ ಯಾವಾಗ ತಂದ ಇಡತಿ?"

ಅವಳು ದೀಪಕ್ಕೆ ಎಣ್ಣೆ ಹಾಕುತ್ತ, "ಯಾವ ಮಷಿನ್ರಿ? ಹ್ವಾದ ದಸರಾಕ್ಕನ ಕಬ್ಬೂರ ತಂಗಿಗಿ ಕೊಟ್ಟ ಬಂದ್ನೆಲ್ಲ. ಇಲ್ಲಿ ಇಡಾಕ ಜಾಗಾ ಎಲ್ಲಿತ್ತು?" ಎಂದಳು.

ವರ್ಷವಿಡೀ ನಾನು ಮನೆಯಲ್ಲೇ ಇಲ್ಲದ ಮಷಿನ್ನಿನ ವಿರುದ್ಧ ಗಡಿ ಕಾದಿದ್ದೆ. ನಾಚಿಕೆಯಾಯಿತು. ಆದರೂ ಅನುಮಾನ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. "ಮತ್ತ ಇಷ್ಟ ಸ್ವಚ್ಛ ಮಾಡಿದ್ದ ಯಾತಕ್ಕ?" ಎಂದೆ.

"ನಿಮ್ಮ ಚಹಾದ ಕಪ್ಪ ಇಡಾಕ್ರಿ. ದಿನಾ ಕೈಯಾಗ ಹಿಡಕೊಂಡ ನಿಂದರತೀನಿ. ನೀವು ತಲೀ ಎತ್ತೂದರಾಗ ಆರಿರತೈತಿ."

ಅಂದು ಚಹಾ ಬಿಸಿಯಾಗಿಯೇ ಇತ್ತು. ಕುಡಿಯುತ್ತ ಟೇಬಲ್ಲಿನ ಖಾಲಿ ಅರ್ಧವನ್ನು ಗೇಣಿನಿಂದ ಅಳೆದೆ; ಒಂದು ಮಷಿನ್ನಿಗೆ ಸರಿಯಾಗಿತ್ತು.

ಮರುದಿನ ಬನ್ನಿ ಕೊಡುವ ನೆಪದಲ್ಲಿ ಕಬ್ಬೂರಿಗೆ ಹೋದೆ. ನಾದಿನಿಯ ಕೈಗೆ ಬನ್ನಿ ಕೊಟ್ಟು "ಬಂಗಾರದಂಗ ಇರೂಣು" ಎಂದೆ. ಮಷಿನ್ನು ಮೂಲೆಯಲ್ಲಿ ಕುಂಕುಮ ಹಚ್ಚಿಕೊಂಡು ಕುಳಿತಿತ್ತು. ಮಾತು ಹೇಗೆ ಶುರುಮಾಡುವುದೆಂದು ತಿಳಿಯದೆ ಅವಳ ಮನೆ ಹೊಗಳಿದೆ, ಹೋಳಿಗೆ ಹೊಗಳಿದೆ, ಕೊನೆಗೆ ಚಹಾ ಹೊಗಳಿದೆ.

ನಾದಿನಿ ನನ್ನನ್ನೇ ಒಮ್ಮೆ ದಿಟ್ಟಿಸಿದಳು. ಸ್ಟೂಲು ಎಳೆದುಕೊಂಡು ಹೋಗಿ ಮಷಿನ್ನಿಗೆ ಅಡ್ಡವಾಗಿ ಕುಳಿತು, "ಏನ ಬೇಕಾಗಿತ್ರಿ ಮಾಮಾ?" ಎಂದಳು.

ಅವಳೂ ಗಡಿಯವಳೇ.