ಸದ್ದು ನಿಂತರೆ ಏಳುವ ಗಂಡ

ನನ್ನ ಗಂಡನಿಗೆ ಸದ್ದಿದ್ದರೆ ನಿದ್ದೆ, ಸದ್ದು ನಿಂತರೆ ಎಚ್ಚರ. ಪೀಣ್ಯದಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರ ಇಟ್ಟುಕೊಂಡವರ ಹಣೆಬರಹವೇ ಅಷ್ಟು. ಊಟವಾದ ಮೇಲೆ ಓಡುವ ಯಂತ್ರದ ಪಕ್ಕದಲ್ಲೇ ರಟ್ಟು ಹಾಸಿ ಗೊರಕೆ ಹೊಡೆಯುತ್ತಾರೆ. ಅದು ನಿಂತಿತೋ, ದಡಕ್ಕನೆ ಎದ್ದು ಕೂರುತ್ತಾರೆ. ಕರೆಂಟ್ ಹೋಯಿತೋ, ಟೂಲ್ ಮುರಿಯಿತೋ ನೋಡಬೇಕಲ್ಲ.

ಇಂಥವರು ಒಂದೇ ವಾರದಲ್ಲಿ ಎರಡು ಸಲ ತಲೆ ತಿರುಗಿ ಬಿದ್ದರು. ಮೆದುಳಲ್ಲಿ ಗೆಡ್ಡೆ ಇದೆಯೋ ಏನೋ, ಎಂಆರ್‌ಐ ಮಾಡಿಸಿಬಿಡಿ ಎಂದರು ಡಾಕ್ಟರು. ಗೆಡ್ಡೆ ಎಂದದ್ದೇ ನನಗೆ ಅನ್ನ ಸೇರಲಿಲ್ಲ. ಇವರು ನನ್ನ ಪಾಲಿನದನ್ನೂ ಉಂಡರು.

ಸ್ಕ್ಯಾನಿಂಗ್ ಸೆಂಟರಿನ ಹುಡುಗಿ, "ಅಂಕಲ್, ಕಣ್ಣಿಗೆ ಯಾವತ್ತಾದ್ರೂ ಕಬ್ಬಿಣದ ಚೂರು ಬಿದ್ದಿತ್ತಾ?" ಎಂದು ಕೇಳಿದಳು.

"ಬೀಳದೇ ಇರೋ ದಿನ ಯಾವ್ದು ಕೇಳಮ್ಮ," ಎಂದರು ಇವರು ಹೆಮ್ಮೆಯಿಂದ. ಎಂಆರ್‌ಐ ಯಂತ್ರದೊಳಗಿನ ಅಯಸ್ಕಾಂತ ಚೂರನ್ನು ಎಳೆದುಬಿಟ್ಟೀತೆಂದು ಮೊದಲು ಕಣ್ಣಿನ ಎಕ್ಸ್‌ರೇ ಆಯಿತು. ಪುಣ್ಯಕ್ಕೆ ಏನೂ ಇರಲಿಲ್ಲ.

ಇವರನ್ನು ಯಂತ್ರದೊಳಗೆ ಮಲಗಿಸಿದ ಮೇಲೆ ನಾನು ಗಾಜಿನಾಚೆ ನಿಂತೆ. ಯಂತ್ರ ಟಕಟಕ, ಗರ್ರ್ ಎಂದದ್ದೇ ತಡ, ಇವರಿಗೆ ನಿದ್ದೆ. ಒಂದು ಸುತ್ತು ಮುಗಿದು ಯಂತ್ರ ತುಸು ಸುಮ್ಮನಾಯಿತು. ಇವರು ಗಬಕ್ಕನೆ ತಲೆ ಎತ್ತಿ, ತಲೆ ಅಲ್ಲಾಡದಂತೆ ಮುಖಕ್ಕೆ ಹಾಕಿದ್ದ ಪ್ಲಾಸ್ಟಿಕ್ ಬೋನಿಗೆ ಹಣೆ ಬಡಿದುಕೊಂಡರು. ಅಲುಗಾಡಿದರೆ ಮತ್ತೆ ಮೊದಲಿಂದ. ಎರಡನೇ ಸಲವೂ ಅದೇ ಹಾಡು. ಮೂರನೇ ಸಲ ಒಳಗಿಂದ "ಕರೆಂಟ್ ಹೋಯ್ತಾ?" ಎಂದು ಕೂಗಿದರು.

"ಆಂಟಿ, ಹಿಂಗಾದ್ರೆ ಪಿಕ್ಚರ್ ಬರಲ್ಲ. ನೀವೇ ಒಳಗೆ ಕೂತ್ಕೊಳ್ಳಿ," ಎಂದಳು ಹುಡುಗಿ.

ತಾಳಿ, ಕಾಲುಂಗುರ, ಪಿನ್ನು ಎಲ್ಲ ಬಿಚ್ಚಿಟ್ಟು, ಸೆಂಟರಿನವರು ಕೊಟ್ಟ ದೊಗಲೆ ಅಂಗಿ ತೊಟ್ಟು, ಇವರ ಕಾಲ ಬಳಿ ಕೂತೆ. "ಮಿಷನ್ ನಿಂತ್ರೂ ಏಳ್ಬೇಡಿ. ನಾನು ಕಾಲಿನ ಹೆಬ್ಬೆರಳು ಎಳೆದ್ರೆ ಮಾತ್ರ ಏಳಿ," ಎಂದು ಗದರಿದೆ.

ಯಂತ್ರ ಓಡಿತು, ನಿಂತಿತು, ಮತ್ತೆ ಓಡಿತು. ಇವರು ಮಿಸುಕಲಿಲ್ಲ. ನಾನು ಒಳಗೊಳಗೇ ಬೀಗಿದೆ. ಕೊನೆಗೆ ಪೂರ್ತಿ ನಿಂತು, ಮುಗಿಯಿತು ಎಂದು ಹುಡುಗಿ ಮೈಕಿನಲ್ಲಿ ಹೇಳಿದಳು. ಆಗಲೂ ಮಿಸುಕಲಿಲ್ಲ. "ರೀ," ಎಂದೆ. ಇನ್ನೂ ಜೋರಾಗಿ ಕೂಗಿದೆ. ಮದುವೆಯಾದಾಗಿನಿಂದ ಸದ್ದು ನಿಂತ ಮೇಲೂ ಇವರು ಮಲಗಿದ್ದನ್ನು ನಾನು ಕಂಡವಳಲ್ಲ. ಗಾಜಿನ ಕಡೆ ಕೈ ಬೀಸಿ ಹುಡುಗಿಯನ್ನು ಕರೆದೆ. ಹುಡುಗಿ ಬಂದು ಹಲಗೆಯನ್ನು ಹೊರಗೆಳೆದಳು. ನೋಡಿದರೆ ಇವರು ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಿದ್ದಾರೆ.

"ಏಳ್ಬಾರ್ದಾ ಮತ್ತೆ?"

"ನೀನು ಬೆರಳು ಎಳೀಲೇ ಇಲ್ವಲ್ಲ."

ಗೆಡ್ಡೆಯಿಲ್ಲ, ಕಿವಿಯೊಳಗಿನ ತೊಂದರೆಯಿಂದ ತಲೆ ಸುತ್ತಿದ್ದು, ವಾಸಿಯಾಗುತ್ತದೆ ಎಂದರು ಡಾಕ್ಟರು. ನಾನು ಅವರೆದುರೇ ಅತ್ತುಬಿಟ್ಟೆ. ಎಷ್ಟೊತ್ತಾದರೂ ಅಳು ನಿಲ್ಲಲಿಲ್ಲ. ಇವರು ಚಪ್ಪಲಿ ಬಿಟ್ಟು ಮೆಲ್ಲಗೆ ಕಾಲನ್ನು ನನ್ನ ಕಡೆ ಚಾಚಿದರು.

"ಈಗ್ಲಾದ್ರೂ ಎಳಿಯೇ, ಮನೆಗೆ ಹೋಗೋಣ."