ಟೊಮೇಟೊ ಗಾಡಿಯಲ್ಲಿ ಬ್ಯಾಟರಿ ಪುಡಿ

ಚಾರ್ಜ್ ಮಾಡಿ ಮತ್ತೆ ಮತ್ತೆ ಬಳಸುವ ಬ್ಯಾಟರಿಗಾಗಿ ನಾನು ತಯಾರಿಸಿದ ನಿಕಲ್ ಹೈಡ್ರಾಕ್ಸೈಡ್ ಪುಡಿಯನ್ನು ಮಧ್ಯಾಹ್ನ ಮೂರು ಗಂಟೆಯೊಳಗೆ ಸೇಲಂನ ಲ್ಯಾಬಿಗೆ ಮುಟ್ಟಿಸಬೇಕಿತ್ತು. ತಪ್ಪಿದರೆ ಅಲ್ಲಿನ ಪರೀಕ್ಷೆಯ ಮಿಷನ್‌ಗಾಗಿ ಇನ್ನೊಂದು ತಿಂಗಳು ಕಾಯಬೇಕು. ಪಾಲಕೋಡ್ ದಾಟುತ್ತಲೇ ಬಸ್ ಕೆಟ್ಟು ನಿಂತಿತು. ಟೊಮೇಟೊ ತುಂಬಿ ಸೇಲಂ ಕಡೆ ಹೊರಟಿದ್ದ ವ್ಯಾನೊಂದಕ್ಕೆ ಕೈ ಅಡ್ಡ ಹಿಡಿದೆ.

ಪುಡಿಯ ಬಾಟಲಿಯನ್ನು ಹಿಂದೆ ಕ್ರೇಟುಗಳ ಮೇಲಿಡಲು ಹೋದಾಗ ಡ್ರೈವರ್ ಕೇಳಿದ, “ಅದೇನ್ ಸಾರ್, ಪಚ್ಚೆ ಪುಡಿ?”

“ಬ್ಯಾಟರಿಗೆ ಹಾಕೋದು ಅಣ್ಣ. ಒಳಗೆ ಪದರ ಪದರವಾಗಿ ಕೂತೈತಾ ಅಂತ ಮಿಷನ್‌ನಲ್ಲಿ ನೋಡ್ಬೇಕು.”

“ಒಟ್ಟೆಗೆ ಓದ್ರೆ?”

ಬಣ್ಣದ ಪುಡಿ ಅಂದಿದ್ದರೆ ಮಾತು ಮುಗಿಯುತ್ತಿತ್ತು. ಸುಳ್ಳು ಬಾಯಿಗೆ ಬರಲಿಲ್ಲ. “ವಿಷ,” ಅಂದೆ.

“ಇದು ಜನ ತಿನ್ನೋ ತಕ್ಕಾಳಿ ಸಾರ್. ಬ್ಯಾಡ, ಬೇರೆ ಗಾಡಿ ನೋಡ್ಕಳಿ.”

ಬೇಡಿಕೊಂಡೆ. ಕೊನೆಗೆ ಅವನೇ ಬಾಟಲಿಗೆ ಎರಡು ಕವರ್ ಸುತ್ತಿ ಬಿಗಿಯಾಗಿ ಕಟ್ಟಿ, ನನ್ನನ್ನು ಮುಂದೆ ಕೂರಿಸಿ ಅದನ್ನು ನನ್ನ ತೊಡೆಯ ಮೇಲಿಟ್ಟ. ಸೇಲಂ ಬರುವವರೆಗೂ ತೂಕಡಿಸಲು ಬಿಡಲಿಲ್ಲ.

ಎರಡೂವರೆಗೆ ಲ್ಯಾಬಿನ ಮುಂದೆ ಇಳಿಸಿದ. ಪ್ರೀತಿಯಿಂದ ನಾಲ್ಕು ಟೊಮೇಟೊ ಕೈಗಿಟ್ಟು, “ಚೆನ್ನಾಗಿ ತೊಳ್ಕಂಡು ತಿನ್ನಿ ಸಾರ್,” ಅಂದ. “ನೆನ್ನೆ ತಾನೇ ಉಳಕ್ಕೆ ಮದ್ದು ಒಡ್ದವ್ರೆ.”

ನನ್ನ ಬಾಟಲಿಯ ಮೇಲಾದರೂ ಇಂಗ್ಲಿಷಿನಲ್ಲಿ ವಿಷವೆಂದು ಬರೆದ ಚೀಟಿ ಇತ್ತು.