ಹುಣಸೆಮರದ ಬಾಣಂತಿ

ಮೂರು ವರ್ಷದ ಹಿಂದಿನ ಬೇಸಿಗೆ. ಮದುವೆಯಾದ ಹನ್ನೊಂದು ವರ್ಷಕ್ಕೆ ಅಕ್ಕನಿಗೆ ಮಗುವಾಗಿ, ಬಾಣಂತನಕ್ಕೆ ಹನೂರಿನ ಪಕ್ಕದ ನಮ್ಮೂರಿಗೆ ಬಂದಿದ್ದಳು. ಅವ್ವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕೋಣೆಯ ಕಿಟಕಿ ಮುಚ್ಚಿ, ಸಾಂಬ್ರಾಣಿ ಹಾಕಿ, ಹೊತ್ತುಹೊತ್ತಿಗೆ ಬಿಸಿ ಅನ್ನ, ಮೆಣಸಿನ ಸಾರು ಒಳಗೆ ಕೊಡುತ್ತಿದ್ದಳು. ಕಾಲು ತೊಳೆಯದೆ ಬಾಗಿಲಲ್ಲಿ ಇಣುಕಿದರೂ ನನಗೆ ಬೈಗುಳ ತಪ್ಪುತ್ತಿರಲಿಲ್ಲ.

ನನ್ನ ತಲೆಯಲ್ಲಿ ಇದ್ದದ್ದು ಮನೆ ಪಕ್ಕದ ಹೊಲದ ಮೂಲೆಯ ಹುಣಸೆಮರ. ಅದರ ಕೆಳಗೆ ಏನು ಬಿತ್ತಿದರೂ ಅಷ್ಟೆ. ರಾಗಿ ಗೇಣುದ್ದ ಎದ್ದು ಹಳದಿಗೆ ತಿರುಗುತ್ತಿತ್ತು, ಹುಲ್ಲೂ ಸರಿಯಾಗಿ ಬರುತ್ತಿರಲಿಲ್ಲ. ನಾನು ಗೊಣಗಿದರೆ ಅವ್ವ, "ಅಷ್ಟ್ ದೊಡ್ ಮರ, ಅದ್ಕೂ ಒಸಿ ಜಾಗ ಬ್ಯಾಡ್ವಾ?" ಅನ್ನುತ್ತಿದ್ದಳು. ಆ ವರ್ಷ ಮರದ ಮೇಲ್ಗಡೆ ಇದ್ದ ಪೊಟರೆಗೆ ಮಣ್ಣು ಮೆತ್ತಿಕೊಂಡಿದ್ದು ಕಣ್ಣಿಗೆ ಬಿತ್ತು. ನಡುವೆ ಒಂದು ಸಣ್ಣ ಸೀಳು ಮಾತ್ರ. ಗೆದ್ದಲು ಹತ್ತಿದೆ, ಹೇಗೂ ಬೀಳುವ ಮರ ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಯಿತು.

ಕಡಿಸಿಬಿಡುತ್ತೇನೆ ಅಂದಾಗ ಅವ್ವ ತಡೆದಳು. "ಲೋ ಮಾದೇಸ, ಆ ಬೂದು ಹಕ್ಕಿ ದಿನಾ ಅದೇ ತೂತ್ಗೇ ಬತ್ತದಲ್ಲೋ. ಏನದೆ ಅಂತ ಒಂದ್ಸಲ ಅತ್ತಿ ನೋಡು."

"ಗೆದ್ಲು ತಿನ್ನೋಕ್ ಬತ್ತದೆ ಕಣವ್ವ."

"ಬಾಣಂತನಾನಾದ್ರೂ ಮುಗೀಲಿ. ಆಮ್ಯಾಕೆ ಕಡ್ಸು."

ಮಗುವಿಗೆ ಸದ್ದಾಗುತ್ತದೆ ಅಂತ ಹೆದರುತ್ತಿದ್ದಾಳೆ ಎಂದುಕೊಂಡು, "ಒಂದ್ ಗಳಿಗೆ ಕೆಲ್ಸ" ಎಂದು ಸುಮ್ಮನಾಗಿಸಿದೆ. ಹಿತ್ತಿಲಲ್ಲಿ ಏಣಿ ಇತ್ತು. ಹತ್ತಿ ನೋಡಲಿಲ್ಲ.

ಕೊಳ್ಳೇಗಾಲದಿಂದ ಮರ ಕುಯ್ಯುವವರು ಬಂದ ದಿನವೇ ಭಾವ ಮಗು ನೋಡಲು ಯಳಂದೂರಿನಿಂದ ಬಂದರು. ಅವರು ಅಲ್ಲಿ ಬೆಟ್ಟದ ಕಾಡಿನಲ್ಲಿ ವಾಚರ್ ಕೆಲಸದಲ್ಲಿದ್ದಾರೆ. ಅವರು ಅಂಗಳಕ್ಕೆ ಕಾಲಿಡುವುದಕ್ಕೂ ಮರ ಬೀಳುವುದಕ್ಕೂ ಸರಿಹೋಯಿತು. ಪೊಟರೆಯ ಮಣ್ಣು ಬಿರಿದು ಒಳಗಿನಿಂದ ಏನೋ ಕಿರುಚಿತು. ಭಾವ ಬ್ಯಾಗನ್ನು ಅಲ್ಲೇ ಬಿಸಾಡಿ ಓಡಿದರು.

ಒಳಗೆ ಒಂದು ಹೆಣ್ಣು ಹಕ್ಕಿ. ರೆಕ್ಕೆಯಲ್ಲಿ ಗರಿಗಳೇ ಇರಲಿಲ್ಲ. ಪಕ್ಕದಲ್ಲಿ ಎರಡು ಬೋಳು ಮರಿಗಳು ಸತ್ತುಬಿದ್ದಿದ್ದವು.

"ಮಂಗಟ್ಟೆ ಕಣೋ ಇದು," ಅಂದರು ಭಾವ. "ಮೊಟ್ಟೆ ಇಡೋ ಕಾಲ್ಕೆ ಎಣ್ಣು ಒಳೀಕ್ ಓಗಿ ಬಾಗ್ಲ ಮೆತ್ಕತದೆ. ಗರಿನೂ ಉದುರೋಯ್ತವೆ, ಆರಕ್ಕಾಗಾಕಿಲ್ಲ. ಗಂಡು ತಂದು ಆ ಸೀಳ್ನಲ್ಲಿ ಕೊಟ್ರೇ ಊಟ."

ಅಕ್ಕನಿಗೆ ಕೊಡಬೇಕಾಗಿದ್ದ ಅನ್ನದ ತಟ್ಟೆ ಹಿಡಿದುಕೊಂಡೇ ಅವ್ವ ಹೊರಗೆ ಬಂದಿದ್ದಳು. "ಬಾಣಂತಿ ಕ್ವಾಣೆನೇ ಕೆಡವ್ಬುಟ್ಟಲ್ಲೋ ಮಗಾ," ಅಂದಳು. ಅಷ್ಟೇ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಭಾವ ಆಫೀಸಿಗೆ ಫೋನ್ ಮಾಡಿದರು. ಬೆಳಿಗ್ಗೆ ಬಂದು ಹಕ್ಕಿಯನ್ನು ಕೊಂಡೊಯ್ಯುತ್ತೇವೆ ಅಂದರಂತೆ. ಅಲ್ಲಿಯವರೆಗೆ ಗಂಡು ಬಂದು ಉಣಿಸೀತು ಎಂಬ ಆಸೆಯಿಂದ, ಹೆಣ್ಣನ್ನು ಮಂಕರಿಯಲ್ಲಿ ಕೂರಿಸಿ ಕಡಿದ ಬುಡದ ಮೇಲೆ ಇಟ್ಟು ದೂರ ನಿಂತೆವು. ಗಂಡು ಬಂತು. ಕೊಕ್ಕಿನಲ್ಲಿ ಕೆಂಪು ಆಲದ ಹಣ್ಣು. ಕೆಳಗೆ ಹೆಣ್ಣು ಕೂಗುತ್ತಲೇ ಇತ್ತು. ಗಂಡು ಮಾತ್ರ ಮುಂಚೆ ಪೊಟರೆ ಇದ್ದಷ್ಟು ಎತ್ತರಕ್ಕೇ ಹಾರಿ, ಕೂರಲು ಏನೂ ಸಿಗದೆ ತಿರುಗಿ, ಮತ್ತೆ ಅಲ್ಲಿಗೇ ಹಾರುತ್ತಿತ್ತು. ಕೆಳಗೆ ನೋಡಲೇ ಇಲ್ಲ.

"ಏನವ್ವ ಅದು, ಅಷ್ಟೊಂದ್ ಕೂಗ್ತಾ ಅದೆ?" ಎಂದು ಅಕ್ಕ ಒಳಗಿನಿಂದ ಕೇಳಿದಳು.

"ಏನಿಲ್ಲ, ನೀ ಉಣ್ಣು," ಅಂದಳು ಅವ್ವ.

ನಾವು ಕೊಕ್ಕಿಗೆ ಹಿಡಿದ ಹಣ್ಣನ್ನು ಹೆಣ್ಣು ಮುಟ್ಟಲಿಲ್ಲ. ಸಂಜೆಯಾಗುವಷ್ಟರಲ್ಲಿ ಸತ್ತುಹೋಯಿತು. ಮರಿಗಳ ಜೊತೆಯಲ್ಲೇ ಮಣ್ಣು ಮಾಡಿದೆ. ಗಂಡು ಇನ್ನೂ ಹನ್ನೊಂದು ದಿನ ಬಂತು, ಪ್ರತಿಸಲವೂ ಹಣ್ಣು ಕಚ್ಚಿಕೊಂಡೇ. ಹನ್ನೆರಡನೆಯ ದಿನ ನಾನು ಹೊತ್ತು ಮುಳುಗುವ ತನಕ ಕಾದೆ. ಬರಲಿಲ್ಲ.

ಏಣಿ ಹಾಕಿ ನೋಡಲು ಐದು ನಿಮಿಷ ಸಾಕಿತ್ತು. ಆ ಏಣಿ ಇಂದಿಗೂ ಹಿತ್ತಿಲಲ್ಲೇ ಇದೆ.

ಆ ವರ್ಷ ಮೂಲೆಯಲ್ಲಿ ರಾಗಿ ಚೆನ್ನಾಗಿಯೇ ಬಂತು. ದಾರಿಯಲ್ಲಿ ಹೋಗುವವರು, "ಮರ ಕಡ್ಸಿದ್ದು ಒಳ್ಳೇದಾಯ್ತು ಕಣ್ಲಾ" ಅಂದರು. ಅವ್ವ ಆ ಮೂಲೆಯ ರಾಗಿಯನ್ನು ಬೇರೆಯಾಗಿ ಒಕ್ಕಣೆ ಮಾಡಿಸಿದಳು. ಒಂದು ಹಿಡಿಯನ್ನೂ ಹಿಟ್ಟಿಗೆ ಹಾಕಲಿಲ್ಲ. ದಿನಾ ಬೆಳಿಗ್ಗೆ ಮೊರದಲ್ಲಿ ತಂದು, ಹಕ್ಕಿಗಳಿಗೆಂದು ಆ ಬುಡದ ಸುತ್ತ ಚೆಲ್ಲುತ್ತಿದ್ದಳು.

ಮಂಗಟ್ಟೆ ರಾಗಿ ತಿನ್ನುವುದಿಲ್ಲ ಎಂದು ಭಾವ ನನಗೆ ಹೇಳಿದ್ದರು. ಅವ್ವನಿಗೆ ನಾನು ಹೇಳಲಿಲ್ಲ.